ಬಗ್ಗಿದಾಗ ಬರುವ ಉರಿ

ಕಬ್ಬಿಣದ ಸರಳಿನ ಕಟ್ಟು ಎಂಟನೇ ಮಹಡಿಗೆ ಹೋಗಬೇಕಿತ್ತು. ಆರನೆಯದರ ಎದುರು ಬಂದು ನಿಂತುಬಿಟ್ಟಿತು.

"ಹದ್ದೇ, ಯಾಕೆ ನಿಲ್ಸಿದೆ?" ವಾಕಿಟಾಕಿಯಲ್ಲಿ ಭಾವನ ದನಿ.

ಅವಳು ಸನ್ನೆಕೋಲಿನಿಂದ ಕೈ ತೆಗೆದು ಎದೆ ಒತ್ತಿಕೊಂಡಳು. ಹೊಟ್ಟೆಯಿಂದ ಎದ್ದ ಉರಿ ಎದೆಮೂಳೆಯ ಹಿಂದೆ ಹಾದು ಗಂಟಲಿಗೆ ಬಂದಿತ್ತು. ಬಾಯಿ ತುಂಬ ಹುಳಿನೀರು. ಕ್ರೇನಿನ ತಲೆಯ ಮೇಲಿನ ಗಾಜಿನ ಗೂಡಿನಲ್ಲಿ ಉಗುಳುವುದಾದರೂ ಎಲ್ಲಿಗೆ? ನುಂಗಿದಳು. ಇಳಿದ ದಾರಿಯಲ್ಲೆಲ್ಲ ಮತ್ತೊಮ್ಮೆ ಉರಿಯಿತು.

"ಗಾಳಿ," ಅಂದಳು.

"ಗಾಳಿನಾ? ಇಲ್ಲಿ ತಾಡಪಾಲು ಅಲ್ಲಾಡ್ತಿಲ್ಲ ಕಣೇ. ನಿಂಗೊಬ್ಳಿಗೇ ಬೀಸ್ತಿದ್ಯಾ?"

ಅಕ್ಕನ ಗಂಡ ಕೆಳಗೆ ನಿಂತು ಸನ್ನೆ ಕೊಡುವವನು. ಮೇಲಿರುವ ಅವಳನ್ನು ಅವನು ನೋಡಲಾರ, ದನಿಯನ್ನಷ್ಟೇ ಕೇಳುತ್ತಾನೆ. ಅವಳು ಸನ್ನೆಕೋಲನ್ನು ಮೆಲ್ಲಗೆ ಎಳೆದು ಕಟ್ಟನ್ನು ಎಂಟನೇ ಮಹಡಿಗೆ ಮುಟ್ಟಿಸಿದಳು. ಅಲ್ಲಿದ್ದವರು ಕೊಕ್ಕೆ ಬಿಡಿಸುವವರೆಗೆ ಅವಳು ಉಸಿರು ಬಿಡಲಿಲ್ಲ.

ಹದ್ದು ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಕಾಲ ಬುಡದ ಗಾಜಿನ ಮೇಲೆ ಬಾಗಿ, ಮೊಣಕಾಲಿಗೆ ಎದೆ ತಾಗುವಂತೆ ಕೂತು, ಅಷ್ಟು ಎತ್ತರದಿಂದ ಕೊಕ್ಕೆಯನ್ನು ಬೇಕಾದ ಕಡೆ ಬೆರಳಗಲ ತಪ್ಪದಂತೆ ಇಳಿಸುತ್ತಿದ್ದಳು. ಹತ್ತುವ ಮುಂಚೆ ಹೊಟ್ಟೆ ಬಿರಿಯುವಷ್ಟು ಉಣ್ಣುವುದೂ ಈ ಕೆಲಸದವರ ರೂಢಿಯೇ. ಮಧ್ಯಾಹ್ನ ಉಂಡು ಹತ್ತಿದರೆ ಸಂಜೆಯವರೆಗೆ ಇಳಿಯುವಂತಿಲ್ಲ. ನೀರು ಕಡಿಮೆ, ಫ್ಲಾಸ್ಕಿನ ಕಾಫಿ ಜಾಸ್ತಿ.

ತಿಂಗಳ ಕೊನೆಗೆ ವೈದ್ಯಕೀಯ ತಪಾಸಣೆ ಇತ್ತು. ಎದೆಯಲ್ಲಿ ತೊಂದರೆ ಎಂದು ಗೊತ್ತಾದರೆ ಮೇಲೆ ಹತ್ತಿಸುವುದಿಲ್ಲ. ಕ್ರೇನ್ ಬಿಟ್ಟರೆ ಅವಳಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಸಂಜೆ ಏಣಿ ಇಳಿದು ಬಂದಾಗ ಭಾವ ಬುಡದಲ್ಲೇ ಕಾದಿದ್ದ. ಹೆಲ್ಮೆಟ್ ಕಂಕುಳಲ್ಲಿತ್ತು.

"ಊಟ ಆದ್ಮೇಲೆ ನಿನ್ ದನಿ ಹಳೇ ಗೇಟು ತೆಗೆದ ಹಾಗೆ ಕಿರುಗುಟ್ಟುತ್ತೆ. ಮೇಲಿಂದ ಮೇಲೆ ಕೆಮ್ಮು ಬೇರೆ. ಏನದು?"

"ಧೂಳು."

"ಮಧ್ಯಾಹ್ನ ಗಾಳಿ, ಈಗ ಧೂಳು. ನಾಳೆ ಏನಂತೀಯ, ಗ್ರಹಚಾರ ಅಂತೀಯಾ?"

ಅವಳು ಕೈಗವಸು ಕಳಚಿದಳು. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿತ್ತು. "ಎದೆ ಉರಿಯುತ್ತೆ, ಭಾವ. ದಿನಾ."

"ಅಷ್ಟೇನಾ! ಗ್ಯಾಸು ಕಣೇ ಅದು. ಒಂದು ಸೋಡಾ ಕುಡಿ..."

"ಅಪ್ಪನಿಗೂ ನೀವು ಇದನ್ನೇ ಅಂದ್ರಿ."

ಭಾವ ಹೆಲ್ಮೆಟ್ಟನ್ನು ಇನ್ನೊಂದು ಕಂಕುಳಿಗೆ ಬದಲಿಸಿದ. ಅಂದಿದ್ದು ಅವನೊಬ್ಬನೇ ಅಲ್ಲ. ಅಕ್ಕ, ಪಕ್ಕದ ಮನೆಯವರು, ಅಪ್ಪ ಸ್ವತಃ, ಎಲ್ಲರೂ ಅಂದಿದ್ದರು. ಸೋಡಾ ಕುಡಿಸಿ ಮಲಗಿಸಿದ ಅಪ್ಪ ಬೆಳಿಗ್ಗೆ ಏಳಲಿಲ್ಲ. ಹೃದಯಾಘಾತ ಎಂದು ಆಮೇಲೆ ಗೊತ್ತಾಯಿತು. ಅಂದಿನಿಂದ ಆ ಮನೆಯಲ್ಲಿ ಎದೆಯುರಿ ಎಂಬ ಮಾತನ್ನೇ ಯಾರೂ ಆಡುತ್ತಿರಲಿಲ್ಲ.

"ಹಂಗಾದ್ರೆ ನಾಳೆ ಹತ್ತಬೇಡ," ಎಂದ ಭಾವ.

"ಹತ್ತಲ್ಲ. ನಾಳೆ ಆಸ್ಪತ್ರೆಗೆ ಹೋಗ್ತೀನಿ. ಏನಿದೆ ಅಂತ ನಾನೇ ತಿಳ್ಕೋತೀನಿ. ಹೃದಯದ್ದು ಅಂದ್ರೆ ಕ್ರೇನ್ ಇಳಿಯೋದೇ. ಯಾರ ತಲೆ ಮೇಲೂ ಕಬ್ಬಿಣ ಬೀಳಿಸಿ ನಾನು ಹದ್ದು ಅನ್ನಿಸ್ಕೋಬೇಕಾಗಿಲ್ಲ."

ಆಸ್ಪತ್ರೆಯಲ್ಲಿ ಮೊದಲು ಇಸಿಜಿ ತೆಗೆದರು, ರಕ್ತ ಪರೀಕ್ಷೆ ಮಾಡಿದರು, ಅದರ ಫಲ ಬಂದ ಮೇಲೆ ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಡೆಸಿದರು. ಅಪ್ಪನ ವಿಷಯವನ್ನು ಅವಳೇ ಹೇಳಿದಳು. ವೈದ್ಯೆ ಎಲ್ಲವನ್ನೂ ಮುಂದಿಟ್ಟುಕೊಂಡು ಕೇಳಿದರು: "ಏಣಿ ಹತ್ತುವಾಗ ಉರಿಯುತ್ತಾ?"

"ಇಲ್ಲ."

"ಎಷ್ಟು ಎತ್ತರದ ಏಣಿ?"

ಹೇಳಿದಳು. ವೈದ್ಯೆ ಹುಬ್ಬೇರಿಸಿದರು. "ಮತ್ತೆ ಯಾವಾಗ ಬರುತ್ತೆ?"

"ಕೂತಾಗ. ಊಟ ಆದ್ಮೇಲೆ. ರಾತ್ರಿ ಮಲಗಿದ್ರೂ ಗಂಟಲಿಗೆ ಹುಳಿ ಬರುತ್ತೆ. ಬೆಳಿಗ್ಗೆ ದನಿ ಒಡೆದಿರುತ್ತೆ."

"ಹೇಗೆ ಕೂರ್ತೀರಿ, ತೋರಿಸಿ."

ಅವಳು ಸ್ಟೂಲಿನ ತುದಿಗೆ ಸರಿದು, ಕಾಲುಗಳ ನಡುವೆ ನೆಲ ನೋಡುತ್ತ ಬಾಗಿದಳು. ಎರಡೂ ಕೈ ಇಲ್ಲದ ಸನ್ನೆಕೋಲುಗಳನ್ನು ಹಿಡಿದವು. ವೈದ್ಯೆ ಮೇಜು ಬಿಟ್ಟು ಎದ್ದು ಬಂದು ನೋಡಿದರು. ಅವಳು ಆ ಭಂಗಿಯಲ್ಲೇ ಇದ್ದಳು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತಿಂದದ್ದೆಲ್ಲ ಮೆಲ್ಲಗೆ ಮೇಲಕ್ಕೆ ಹತ್ತಿತು.

"ಬಂತು," ಅಂದಳು, ನೆಲಕ್ಕೆ.

"ಬರದೆ ಏನಾಗುತ್ತೆ? ತುಂಬಿದ ಚೀಲದ ಬಾಯಿ ಸಡಿಲ ಇದೆ, ಮೇಲೆ ನೀವು ದಿನವಿಡೀ ಅದನ್ನು ಹಿಂಡ್ತಿದೀರಿ." ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ನುಗ್ಗುತ್ತಿದೆ, ಉರಿ, ಹುಳಿ, ಕೆಮ್ಮು, ಒಡೆದ ದನಿ ಎಲ್ಲ ಅದರದ್ದೇ ಎಂದು ಬಿಡಿಸಿ ಹೇಳಿದರು. "ಹೃದಯ ಚೆನ್ನಾಗಿದೆ. ಅದನ್ನು ನಿಮ್ಮ ಮಾತು ಕೇಳಿ ಹೇಳ್ತಿಲ್ಲ, ಪರೀಕ್ಷೆ ನೋಡಿ ಹೇಳ್ತಿದೀನಿ. ಆದರೆ ಹತ್ತುವಾಗ ಎದೆ ಹಿಂಡಿದ್ರೆ, ಬೆವರು ಬಂದ್ರೆ, ತೋಳಿಗೋ ದವಡೆಗೋ ನೋವು ಹರಿದ್ರೆ ಗ್ಯಾಸು ಅಂತ ಕೂರಬೇಡಿ. ನೇರ ಇಲ್ಲಿಗೆ ಬನ್ನಿ."

ಅವಳು ನೆಟ್ಟಗಾದಳು. ಕಣ್ಣು ತೇವವಾದದ್ದು ಹುಳಿಯಿಂದಲೇ ಇರಬೇಕು.

"ಮಾತ್ರೆ ಕೊಡ್ತೀನಿ. ಕಾಫಿ ಕಡಿಮೆ ಮಾಡಿ, ಸ್ವಲ್ಪ ಸ್ವಲ್ಪ ತಿನ್ನಿ, ತಿಂದ ತಕ್ಷಣ ಬಗ್ಗಬೇಡಿ. ಬಗ್ಗದೆ ಕೆಳಗೆ ನೋಡೋಕೆ ದಾರಿನೇ ಇಲ್ವಾ ನಿಮ್ಮ ಕ್ರೇನಲ್ಲಿ?"

"ಇದೆ, ಡಾಕ್ಟ್ರೇ. ಕೊಕ್ಕೆಗೆ ಕ್ಯಾಮೆರಾ ಹಾಕಿದಾರೆ, ಎದುರಿಗೇ ಪರದೆ ಇದೆ." ಅವಳು ತಡವರಿಸಿದಳು. "ಅದನ್ನು ಕಲಿಯೋರು ನೋಡ್ತಾರೆ. ಹಳಬರು ಬಟ್ಟೆ ಹೊದಿಸಿ ಇಟ್ಟಿರ್ತೀವಿ."

ವೈದ್ಯೆ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಅವಳನ್ನು ನೋಡಿದರು, ಅಷ್ಟೇ.

ಮರುದಿನ ಮಧ್ಯಾಹ್ನ ಅವಳು ಅರ್ಧ ಡಬ್ಬಿ ಉಂಡು ಮುಚ್ಚಳ ಹಾಕಿದಳು. ಫ್ಲಾಸ್ಕು ತರಲಿಲ್ಲ. ಊಟದ ಮೇಲಿನ ಮೊದಲ ಭಾರವನ್ನು ಸ್ವಲ್ಪ ತಡವಾಗಿ ಎತ್ತುವುದಾಗಿ ಮೇಸ್ತ್ರಿಗೆ ಕಾರಣ ಸಮೇತ ಹೇಳಿದಳು. ಅವನು ಗೊಣಗಿದ, ಅವಳು ಅಲ್ಲಾಡಲಿಲ್ಲ.

"ಪರದೆ ನೋಡಿ ಇಳಿಸ್ತೀಯಂತೆ?" ಭಾವ ಏಣಿಯ ಬಳಿ ಕೇಳಿದ. "ಹದ್ದು ಟೀವಿ ನೋಡ್ತಿದೆ ಅಂತ ನಗ್ತಾರೆ."

"ನಗಲಿ. ಹುಳಿ ಬರೋದು ಅವರ ಗಂಟಲಿಗಲ್ಲ."

ಹತ್ತಿದಳು. ಒಂದೇ ಉಸಿರಿಗಲ್ಲ, ಆದರೆ ಎಲ್ಲೂ ಕೂರದೆ. ಬಟ್ಟೆ ತೆಗೆದಳು, ಪರದೆಯ ಧೂಳನ್ನು ತೋಳಿನಿಂದ ಒರೆಸಿದಳು, ಬೆನ್ನನ್ನು ಕುರ್ಚಿಗೆ ಒತ್ತಿ ಕೂತಳು. ಬೆನ್ನಿಗೆ ಆ ಕುರ್ಚಿಯ ಪರಿಚಯವೇ ಇರಲಿಲ್ಲ. ಸಿಮೆಂಟಿನ ತೊಟ್ಟಿ ನೆಲ ಬಿಟ್ಟಿತು. ಕತ್ತು ತಾನಾಗಿ ಕೆಳಗೆ ವಾಲಿತು, ಎಳೆದು ತಂದಳು. ಮತ್ತೆ ವಾಲಿತು, ಮತ್ತೆ ಎಳೆದಳು.

"ಕಾಣಿಸ್ತಿದ್ಯಾ?" ಭಾವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಕಾಣಿಸ್ತಿದೆ. ಹೇಳಿ."

"ಇನ್ನೊಂದು ಮೊಳ ಎಡಕ್ಕೆ. ಸಾಕು. ಇಳಿಸು... ಇಳಿಸು..."

ಪರದೆಯಲ್ಲಿ ಎರಡು ಕೈಗಳು ಬಂದು ಸರಪಳಿ ಬಿಡಿಸಿದವು. ಒಬ್ಬ ತಲೆಯೆತ್ತಿ ಕ್ಯಾಮೆರಾದ ಕಡೆ ಹಲ್ಲು ಕಿರಿದ. ಖಾಲಿ ಕೊಕ್ಕೆ ಸ್ವಲ್ಪ ತೂಗಿ, ನಿಂತು, ಮೇಲಕ್ಕೆ ಹೊರಟಿತು.