ಹುಳುಕು ಹುಡುಕಲು ಹೋದವರು

ಬಟ್ಟೆ ಅಂಗಡಿಯ ಸೇಲ್ಸ್‌ಮನ್‌ಗೆ ಮಾತೇ ಬಂಡವಾಳ. ಫ್ಯಾನಿನ ಗಾಳಿಗೆಂದು ಒಳಬಂದವರಿಗೂ ಎರಡು ಪರದೆ ಬಟ್ಟೆ ಕಟ್ಟಿ ಕಳಿಸುವ ಆಸಾಮಿ. ಆದರೆ ಅಂದು ಅವನೇ ಗಿರಾಕಿ. ಬಾಡಿಗೆಗೆ ಕೊಡಲೆಂದು ಒಂದು ಪುಟ್ಟ ಮನೆ ಕೊಳ್ಳುವ ಹುಚ್ಚು ಗಂಡ ಹೆಂಡತಿ ಇಬ್ಬರಿಗೂ ಹಿಡಿದಿತ್ತು. ಕೂಡಿಟ್ಟದ್ದನ್ನೆಲ್ಲ ಅದಕ್ಕೇ ಸುರಿಯಬೇಕು. ಬಾಡಿಗೆಗೆ ಯಾರೂ ಬರದೆ ಮನೆ ಖಾಲಿ ಬಿದ್ದರೆ ಗತಿಯೇನು ಎಂಬ ಹೆದರಿಕೆಗೆ ಅವನಿಗೆ ಊಟವೇ ಸೇರುತ್ತಿರಲಿಲ್ಲ.

“ಚೆನ್ನಾಗಿದೆ ಅಂತ ಬಾಯ್ತಪ್ಪಿಯೂ ಅನ್ಬೇಡಿ,” ಮೆಟ್ಟಿಲು ಹತ್ತುವಾಗ ಹೆಂಡತಿ ಪಿಸುಗುಟ್ಟಿದಳು. “ಬರೀ ಹುಳುಕು ಹುಡುಕಿ. ಬೆಲೆ ತಾನಾಗೇ ಇಳಿಯುತ್ತೆ.”

ಮನೆ ಒಬ್ಬ ನಿವೃತ್ತ ಮೇಷ್ಟ್ರದು. ಸೇಲ್ಸ್‌ಮನ್ ಮುಖ ಗಂಟಿಕ್ಕಿಕೊಂಡು ಗೋಡೆ ತಟ್ಟಿದ. “ತೇವ ಇದ್ದಂಗಿದೆ, ಮೇಷ್ಟ್ರೇ.” ಅಡುಗೆಮನೆ ಇಣುಕಿದ. “ಇಬ್ಬರು ನಿಂತ್ರೆ ಮೂರನೆಯವರು ಹೊರಗೇ.” ಮೇಷ್ಟ್ರ ಮುಖ ಸಪ್ಪಗಾಯಿತು. ಸ್ವಲ್ಪ ಬಿಟ್ಟುಕೊಡೋಣ ಎಂದು ಅವರು ಗೊಣಗಿದಾಗ ಹೆಂಡತಿಯ ಕಣ್ಣು ಅರಳಿತು.

ಅಷ್ಟರಲ್ಲಿ ಬಾಗಿಲಿಗೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಹುಡುಗಿ ಕಾಲಿಡುತ್ತಲೇ ಮೂಗು ಮುರಿದಳು. “ಅಯ್ಯೋ, ಕತ್ತಲೆ. ಚಿಕ್ಕದು ಬೇರೆ. ನಡೀರಿ ಹೋಗೋಣ.”

ಬಂದವರು ಬರಿಗೈಲಿ ಬೆನ್ನು ತಿರುಗಿಸಿದರೆ ಸೇಲ್ಸ್‌ಮನ್ ಸುಮ್ಮನಿರುವುದುಂಟೇ? “ಇರಮ್ಮಾ, ಒಂದ್ನಿಮಿಷ!” ಎಂದವನೇ ಕಿಟಕಿ ತೆರೆದ. “ಬೆಳಕು ನೋಡಿ! ಹಗಲೆಲ್ಲ ದೀಪವೇ ಬೇಡ. ಚಿಕ್ಕದಾದ್ರೆ ಗುಡಿಸೋದು ಸಲೀಸು. ಇಲ್ಲಿ ಮಂಚ, ಅಲ್ಲಿ ಬೀರು. ಗೋಡೆ ಮುಟ್ಟಿ ನೋಡಿ, ಹೇಗೆ ಒಣಗಿದೆ!” ಹೆಂಡತಿ ಹಿಂದಿನಿಂದ ಚಿವುಟಿದಳು. ಅವನಿಗೆ ಅದರ ಪರಿವೆಯೇ ಇಲ್ಲ.

“ತೇವ ಎಲ್ಲಿಗೆ ಹೋಯ್ತಪ್ಪಾ?” ಮೇಷ್ಟ್ರು ನಕ್ಕರು. “ಹಾಗಾದ್ರೆ ಒಂದು ಕಾಸೂ ಬಿಡಲ್ಲ. ಹೇಳಿದ ಬೆಲೆಗಾದ್ರೆ ತಗೊಳ್ಳಿ.”

ಸೇಲ್ಸ್‌ಮನ್ ನಾಲಿಗೆ ಕಚ್ಚಿಕೊಂಡ. ಹೆಂಡತಿಯ ಮುಖ ನೋಡಲು ಧೈರ್ಯ ಸಾಲಲಿಲ್ಲ. ಆದರೆ ಹುಡುಗಿ ಕಿಟಕಿಯ ಬಳಿಯಿಂದ ಅಲುಗಿರಲಿಲ್ಲ. ಅವಳ ಗಂಡ ನೇರವಾಗಿ ಅವನ ಮುಂದೆ ಬಂದು ನಿಂತ.

“ಕೊಳ್ಳೋ ಶಕ್ತಿ ನಮಗಿಲ್ಲ. ಬಾಡಿಗೆಗೆ ಸಿಗಬಹುದೇನೋ ಅಂತ ಬಂದ್ವಿ. ನೀವು ತಗೊಂಡ್ರೆ ನಮಗೇ ಕೊಡ್ತೀರಾ, ಯಜಮಾನ್ರೇ?”

‘ಅದನ್ನ ಬಿಚ್ಚಿ ತೋರ್ಸಪ್ಪಾ, ಇದನ್ನ ಮಡಿಸಪ್ಪಾ’ ಎಂದಷ್ಟೇ ಕೇಳಿದ್ದ ಅವನನ್ನು ಈವರೆಗೆ ಯಾರೂ ಯಜಮಾನ್ರೇ ಎಂದಿರಲಿಲ್ಲ. ಎದೆ ತುಂಬಿ ಬಂತು. ಮನೆ ಕೊಳ್ಳುವ ಮುಂಚೆಯೇ ಬಾಡಿಗೆಯವರು ಸಿಕ್ಕಿದ್ದರು. ಅವನು ಅಂಗಿಯ ಕಾಲರ್ ಸರಿಮಾಡಿಕೊಂಡ.

“ಕೊಡ್ತಾರೆ, ಕೊಡ್ತಾರೆ,” ಹೆಂಡತಿ ಸೆರಗು ಬಿಗಿದು ಮುಂದೆ ಬಂದಳು. “ಬಾಡಿಗೆ ಎಷ್ಟು ಅನ್ನೋದು ಮಾತ್ರ ನನ್ನ ಹತ್ರ ಮಾತಾಡಿ. ಅಲ್ಲೀವರೆಗೆ ಯಜಮಾನ್ರು ಹೊರಗೆ ನಿಂತಿರ್ತಾರೆ.”