ಸೇತುವೆಯ ಹಿಂದಿನ ಕಿಟಕಿ

ಯುರೋಪಿನ ಲ್ಯುಬ್ಲಿಯಾನ ಎಂಬ ಊರಿನ ಹೆಸರಿಗೆ ನಾಲಿಗೆ ಹೊರಳಿಸುವುದಕ್ಕೇ ಕೊಪ್ಪದ ವಕೀಲ ಸೀತಾರಾಮನಿಗೆ ಬಹಳ ದಿನ ಹಿಡಿದಿತ್ತು. ಹೋಗಿ ಬಂದ ಮೇಲೆ ಬಾಯಿ ತೆರೆದರೆ ಅದೇ ಮಾತು. "ಪ್ಯಾರಿಸ್ಸು, ರೋಮು ಎಲ್ಲರೂ ನೋಡ್ತಾರೆ ಮಾರಾಯ. ಯಾರೂ ಹೋಗದ ರಾಜಧಾನಿ ನೋಡ್ಬೇಕು!" ಆ ಭಾನುವಾರ ಸಂಜೆ ಅವನ ಮನೆಯ ಹಜಾರದಲ್ಲಿ ನೆಂಟರೂ ಗೆಳೆಯರೂ ಸೇರಿದ್ದರು. ದೊಡ್ಡ ಟೀವಿಯಲ್ಲಿ ಪ್ರವಾಸದ ಫೋಟೋ, ಆಮೇಲೆ ಊಟ.

ಊಟ ಎಂದರೆ ಅವನ ಹೆಂಡತಿ ಗೋದಾವರಿ. ಬೆಳಗಿನಿಂದ ಒಲೆಯ ಮುಂದೆ ನಿಂತವಳು ಒಮ್ಮೊಮ್ಮೆ ಹಜಾರದ ಬಾಗಿಲಿಗೆ ಬಂದು ಇಣುಕುವಳು, ಒಗ್ಗರಣೆ ಸೀದೀತೆಂದು ಮತ್ತೆ ಓಡುವಳು. ಒಂದೊಂದು ಫೋಟೋ ಕಂಡಾಗಲೂ ಅವಳ ಮೈ ಉರಿಯುತ್ತಿತ್ತು.

ಹೋದದ್ದು ನಾಲ್ಕು ಜನ. ಗಂಡ ಹೆಂಡತಿಯ ಜೊತೆ ಸೀತಾರಾಮನ ಕಾಲೇಜು ಗೆಳೆಯರಾದ ಮೆಣಸೆಯ ಶ್ರೀಕಾಂತ, ಮುತ್ತಿನಕೊಪ್ಪದ ಪ್ರಸನ್ನಕುಮಾರ್. ಪ್ರಸನ್ನಕುಮಾರನ ಹೆಂಡತಿ ನಯನ ಮಂಡಿನೋವಿನ ನೆಪ ಹೇಳಿ ತಪ್ಪಿಸಿಕೊಂಡಳು. ಜಾಣೆ! ಗೋದಾವರಿಗೆ ಆ ಜಾಣತನವಿರಲಿಲ್ಲ. ಪಾಸ್‌ಪೋರ್ಟ್ ಬಂದ ದಿನವೇ ನಡೆದಾಡಲು ಹೊಸ ಶೂ ತಂದಿಟ್ಟುಕೊಂಡಿದ್ದಳು. ಹೊರಡುವ ಹಿಂದಿನ ದಿನ ಸೂಟ್‌ಕೇಸ್ ತೆರೆದರೆ, ಅವಳ ಸೀರೆಗಳನ್ನು ಪಕ್ಕಕ್ಕೆ ಒತ್ತರಿಸಿ ಕರೆಂಟಿನ ರೈಸ್ ಕುಕ್ಕರ್ ಕೂತಿತ್ತು, ಜೊತೆಗೆ ಸಾರಿನ ಪುಡಿ, ಮಿಡಿ ಉಪ್ಪಿನಕಾಯಿ. "ಎಲ್ಲೋ ಒಂದು ದಿನಕ್ಕೆ ಬೇಕಾಗ್ತದೆ" ಎಂದಿದ್ದ ಸೀತಾರಾಮ.

ಆ ಒಂದು ದಿನ ದಿನಾ ಬಂತು. ಹೋಟೆಲೆಂದರೆ ಮೂವರು ಗಂಡಸರಿಗೂ ಅನುಮಾನ. ಸೂಪಿಗೆ ಎಂತ ಹಾಕಿದ್ದಾರೋ, ಬ್ರೆಡ್ಡಿಗೆ ಮೊಟ್ಟೆ ಸವರಿದ್ದಾರೋ! ಅದಕ್ಕೇ ಅಡುಗೆಮನೆಯಿದ್ದ ಬಾಡಿಗೆ ಮನೆ ಹಿಡಿದದ್ದು. ತಿಂಡಿ ತಿಂದು ಕೋಟೆ ನೋಡಲು ಹೋಗುವರು, ಹಸಿದು ಬರುವರು, ಉಂಡು ಮಲಗಿ ಎದ್ದು ಮತ್ತೆ ಹೊರಡುವರು. ಪಾತ್ರೆ ತೊಳೆದು ಗೋದಾವರಿ ಶೂ ಹಾಕುವಷ್ಟರಲ್ಲಿ ಬಾಗಿಲು ಹಾಕಿದ ಸದ್ದು ಕೇಳಿಸುವುದು. "ಡ್ರ್ಯಾಗನ್ ಸೇತುವೆಯಾ? ಅದು ದೂರ ಮಾರಾಯ್ತಿ, ನಿನ್ನ ಕಾಲಿಗೆ ಆಗೋದಲ್ಲ. ನಾಳೆ ಟ್ಯಾಕ್ಸಿ ಮಾಡ್ತೀನಿ" ಎನ್ನುವನು ಸೀತಾರಾಮ. ಆ ನಾಳೆ ಬರಲೇ ಇಲ್ಲ. ಭಾಷೆ ಬಾರದ ಊರಲ್ಲಿ ಒಬ್ಬಳೇ ಮೆಟ್ಟಿಲಿಳಿಯಲು ಹೆದರಿದ್ದಕ್ಕೆ ಅವಳಿಗೆ ತನ್ನ ಮೇಲೂ ಸಿಟ್ಟಿತ್ತು.

ಅಡುಗೆಮನೆಯ ಕಿಟಕಿಯಿಂದ ಕೆಳಗಿನ ಬೀದಿಯ ಹೋಟೆಲು ಕಾಣುತ್ತಿತ್ತು. ಹೊರಗೆ ಬಿಸಿಲಿಗೆ ಹಾಕಿದ ಮೇಜಿಗೆ ದಿನಾ ಮಧ್ಯಾಹ್ನ ಒಬ್ಬಳು ಮುದುಕಿ ಬಂದು ಕೂರುವಳು. ಯಾರೋ ಬಿಸಿ ಬಿಸಿ ತಟ್ಟೆ ತಂದು ಮುಂದಿಡುವರು. ಅವಳು ನಿಧಾನಕ್ಕೆ ತಿಂದು, ಹೋಗಿ ಬರುವ ಜನರನ್ನು ನೋಡುತ್ತ ಹಾಗೇ ಕೂತಿರುವಳು. ಹಾಗೆ ಒಂದೇ ಒಂದು ಸಲ ಕೂರಬೇಕು, ಬೇರೆಯವರು ತಂದಿಟ್ಟದ್ದನ್ನು ಉಣ್ಣಬೇಕು. ಗೋದಾವರಿ ಆಸೆಪಟ್ಟದ್ದು ಇಷ್ಟೇ.

ಕೊನೆಯ ಸಂಜೆ ಅವಳನ್ನು ಆ ಹೋಟೆಲಿಗೆ ಕರೆದುಕೊಂಡೂ ಹೋದರು. ಪನೀರಿನಂಥದನ್ನು ತುಂಬಿ ಬೇಯಿಸಿದ ಹಿಟ್ಟಿನ ಸುರುಳಿ ಆ ಊರಿನದೇ ತಿನಿಸಂತೆ, ಮಾಂಸವಿಲ್ಲವಂತೆ. ಹೋಟೆಲಿನವಳು ನಗುತ್ತ ಹೇಳಿದಳು. "ಮೊಟ್ಟೆ?" ಎಂದ ಶ್ರೀಕಾಂತ. ಅವಳು ಹೌದೆಂದು ತಲೆಯಾಡಿಸಿದ್ದೇ ಮೂವರೂ ಎದ್ದರು. ಬೇರೆ ಏನಾದರೂ ಇದೆಯೇ ಎಂದು ಕೇಳಬಹುದಿತ್ತು. ಒಬ್ಬರೂ ಕೇಳಲಿಲ್ಲ. ಗೋದಾವರಿ ಆಗಷ್ಟೇ ಕುರ್ಚಿ ಎಳೆದುಕೊಂಡಿದ್ದಳು. "ಮನೆಗೆ ಹೋಗಿ ಒಂದು ಅನ್ನ ಸಾರು ಮಾಡಿಬಿಡು" ಎಂದ ಸೀತಾರಾಮ.

ಈಗ ಟೀವಿಯಲ್ಲಿ ಆ ಸೇತುವೆ ಬಂತು. ಹಸಿರು ಡ್ರ್ಯಾಗನ್ ರೆಕ್ಕೆ ಬಿಚ್ಚಿ ಕೂತಿದೆ, ಅದರ ಮುಂದೆ ಮೂವರೂ ಹಲ್ಲು ಬಿಟ್ಟು ನಿಂತಿದ್ದಾರೆ.

"ಅಲ್ಲ ಸೀತಾರಾಮಣ್ಣ, ಗೋದಕ್ಕ ಒಂದರಲ್ಲೂ ಇಲ್ವಲ್ಲ?" ರಿಮೋಟ್ ಹಿಡಿದಿದ್ದ ನಯನ ಕೇಳಿದಳು.

ಸೀತಾರಾಮ ತಡವರಿಸಲೂ ಇಲ್ಲ. "ಫೋಟೋ ತೆಗ್ದಿದ್ದೇ ಅವಳಲ್ವಾ! ಎಲ್ಲಾ ಅವಳದೇ ಕೈಚಳಕ."

ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ನಿಂತಿದ್ದ ಗೋದಾವರಿಯ ಕಣ್ಣು ಮಾತ್ರ ಫೋಟೋದ ಮೂಲೆಯಲ್ಲಿ ನೆಟ್ಟಿತ್ತು. ಸೇತುವೆಯ ಹಿಂದೆಯೇ ಒಂದು ಹಳದಿ ಮನೆ. ಮೇಲಿನ ಮಹಡಿಯಲ್ಲಿ ಬಚ್ಚಲುಮನೆಯ ಗೋಡೆಯ ಮೇಲ್ಗಡೆಯ ಸಣ್ಣ ಕಿಟಕಿ, ಅದರಿಂದ ಕೆಂಪು ಚೌಕಳಿಯ ಮಸಿಬಟ್ಟೆ ಜೋತುಬಿದ್ದಿದೆ. ಹೊರಗೆ ಇಣುಕಲು ಎಟುಕದೆ, ಕೈಯಷ್ಟೇ ಹೊರಚಾಚಿ ತಾನು ದಿನಾ ಒಣಹಾಕುತ್ತಿದ್ದ ಬಟ್ಟೆ! ಇದೇನಾ ದೂರ? ಬೀದಿ ತಿರುಗಿದರೆ ಸಿಗುತ್ತಿತ್ತಲ್ಲ!

ಅವಳು ನೇರ ಬಂದು ಟೀವಿಯ ಮುಂದೆ ನಿಂತಳು.

"ಯಾರು ತೆಗ್ದಿದ್ದು ಫೋಟೋ? ಸುಳ್ಳು ಹೇಳೋಕೆ ನಾಚಿಕೆ ಆಗಲ್ವಾ ನಿಮಗೆ? ನೋಡು ನಯನಾ, ಅಲ್ಲಿ ನೇತಾಡ್ತಿದೆಯಲ್ಲ, ಅದು ನನ್ನ ಮಸಿಬಟ್ಟೆ. ಇವರು ಇಲ್ಲಿ ಹಲ್ಲು ಕಿರೀತಾ ನಿಂತಿದ್ದಾಗ ನಾನು ಆ ಮನೆಯೊಳಗೆ ಇವರ ಎಂಜಲು ತಟ್ಟೆ ತೊಳೀತಿದ್ದೆ!"

"ಗೋದಾ, ಬಂದವರ ಎದುರು ಎಂತ ಇದು?" ಸೀತಾರಾಮ ಹಲ್ಲು ಕಚ್ಚಿದ. "ಮುಂದಿನ ವರ್ಷ ಇನ್ನೊಂದು ರಾಜಧಾನಿ, ರೀಗಾಕ್ಕೆ ಹೋಗುವಾಗ ನಿನಗೆ ಎಲ್ಲಾ ತೋರಿಸ್ತೀನಿ, ಆಯ್ತಾ?"

"ರೀಗಾಕ್ಕೆ ಕುಕ್ಕರನ್ನೇ ಕರ್ಕೊಂಡು ಹೋಗಿ. ನಿಮಗೆ ಬೇಕಾಗಿದ್ದು ಅದೇ."

ಒಳಗೆ ಹೋಗಿ ಗ್ಯಾಸ್ ಆರಿಸಿ, ಅದೇ ಕುಕ್ಕರನ್ನು ತಂದು ಗಂಡನ ತೊಡೆಯ ಮೇಲೆ ಕುಕ್ಕಿದಳು. "ಸಾರಾಗಿದೆ, ಪಲ್ಯ ಆಗಿದೆ. ಅನ್ನ ನೀವು ಮೂವರೂ ಸೇರಿ ಮಾಡಿ."

ಪ್ರಸನ್ನಕುಮಾರ್ ಮೊದಲು ಎದ್ದ, ಶ್ರೀಕಾಂತ ಅವನ ಹಿಂದೆ. ಕೊನೆಗೆ ಸೀತಾರಾಮನೂ ಕುಕ್ಕರ್ ಅಪ್ಪಿಕೊಂಡು ಒಳಗೆ ನಡೆದ. ಗೋದಾವರಿ ಅವನ ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಗೋದಾ, ನೀರು ಎಷ್ಟು ಹಾಕೋದು?" ಅಡುಗೆಮನೆಯಿಂದ ಕೂಗು ಬಂತು.

ಎಲ್ಲರೂ ಅವಳ ಮುಖ ನೋಡಿದರು. ನಯನ ಮೆಲ್ಲನೆ ರಿಮೋಟ್ ಎತ್ತಿ ಟೀವಿ ಆರಿಸಲು ಹೋದಳು.

"ಇರ್ಲಿ ನಯನಾ, ಆರಿಸ್ಬೇಡ" ಎಂದಳು ಗೋದಾವರಿ. "ನಾನಿನ್ನೂ ಆ ಸೇತುವೆ ನೋಡಿಲ್ಲ."