ಕುರಿ ಇಲ್ಲ ಅಂದ ಹಣಮವ್ವ

ಕೈಯಲ್ಲಿ ಕಾಗದ ಹಿಡಿದವರು ಯಾರೇ ಕುರಿಗಾರರ ವಸ್ತಿಗೆ ಬರಲಿ, ಹಣಮವ್ವನಿಗೆ ಮೊದಲು ನೆನಪಾಗುವುದು ದಂಡ. ಇಲ್ಲಿ ಯಾಕೆ ಮೇಯಿಸಿದಿರಿ, ಅಲ್ಲಿ ಯಾಕೆ ಬಿಟ್ಟಿರಿ ಎಂದು ಬೈಸಿಕೊಂಡೇ ಕುರಿಯವರ ಬಾಳು ಸಾಗಿದೆ. ಹೀಗಾಗಿ ೨೦೦೮ರ ಬೇಸಿಗೆಯಲ್ಲಿ, ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ ದರಿಬಡಚಿ ಊರಿನ ದಾರಿಯ ಆ ಸಣ್ಣ ಕನ್ನಡ ವಸ್ತಿಯ ಮುಂದೆ ಜೀಪು ನಿಂತು ಇಬ್ಬರು ಪ್ಯಾಂಟಿನವರು ಇಳಿದಾಗ, ಆಕೆ ಹಿಂದುಮುಂದು ನೋಡಲಿಲ್ಲ. ಅಂಗಳದಲ್ಲಿದ್ದ ಐದು ಮರಿ, ಎರಡು ಬಡಕಲು ಕುರಿ, ಎಲ್ಲವನ್ನೂ ಮನೆಯೊಳಗೆ ನೂಕಿ ಬಾಗಿಲು ಎಳೆದಳು.

ಗಂಡ ಅಮಸಿದ್ದ ಊರಲ್ಲಿರಲಿಲ್ಲ. ದೀಪಾವಳಿ ಮುಗಿಯುತ್ತಲೇ ಕುರಿ ಹೊಡೆದುಕೊಂಡು ಕೃಷ್ಣಾ ನದಿಯ ದಂಡೆಗೆ ಹೋದರೆ ಜೂನಿನ ಮಿರಗದ ಮಳೆಗೇ ಅವನು ತಿರುಗಿ ಬರುವುದು. ವಸ್ತಿಯ ಗಂಡಸರೆಲ್ಲ ಹಾಗೆಯೇ. ಮೊಣಕಾಲು ನೋವಿನ ಹಣಮವ್ವ ಮಾತ್ರ, ನಡೆಯಲಾಗದ ಕುರಿಗಳ ಜೊತೆ ತಾನೂ ನಡೆಯಲಾಗದವಳಾಗಿ ಮನೆಯಲ್ಲೇ ಉಳಿಯುತ್ತಿದ್ದಳು.

ಈ ಗುಡ್ಡದಲ್ಲಿ ಕುರಿ ಮೇಯುತ್ತವೆಯೇ ಎಂದು ಜೀಪಿನವರು ಮರಾಠಿಯಲ್ಲಿ ಕೇಳಿದರು. ಹಣಮವ್ವ ಇಲ್ಲ ಎಂದಳು. ನೀರು ಇದೆಯೇ ಎಂದರು. ಅದೂ ಇಲ್ಲ ಎಂದಳು. ಅಷ್ಟರಲ್ಲಿ ಒಳಗಿಂದ ಒಂದು ಮರಿ ಬ್ಯಾ ಎಂದಿತು. ಅದು ಕೇಳಿಸಬಾರದೆಂದು ಹಣಮವ್ವ ಎಷ್ಟು ಜೋರಾಗಿ ಕೆಮ್ಮಿದಳೆಂದರೆ, ಅವರಲ್ಲೊಬ್ಬ ಗಾಬರಿಯಾಗಿ ತನ್ನ ಬಾಟಲಿಯ ನೀರು ಕುಡಿಸಿದ. ಪಾಪ, ಒಳ್ಳೆಯ ಮನುಷ್ಯ. ಆಮೇಲೆ ಆಕೆ ಹೇಳಿದ್ದನ್ನೆಲ್ಲ ಬರೆದುಕೊಂಡು ಹೋದ.

ಮಳೆ ಬಿತ್ತು, ಅಮಸಿದ್ದ ಬಂದ. ಆಷಾಢದ ಒಂದು ಸಂಜೆ ಊರಿನ ಅಂಗನವಾಡಿ ಶಿಕ್ಷಕಿ ಸಾಬೇರಾ ವಸ್ತಿಗೆ ಬಂದಳು.

"ಬಾರವ್ವಾ ಸಾಬೇರಾ, ಕುಂದರ," ಎಂದು ಅಮಸಿದ್ದ ಕಂಬಳಿ ಹಾಸಿದ.

"ಕುಂದ್ರಾಕ ಹೊತ್ತಿಲ್ರಿ ಕಾಕಾ. ನಿಮ್ಮ ಗುಡ್ಡದಾಗ ಕಲ್ಲಿನ ಖಣಿ ಮಾಡ್ತಾರಂತ. ಐವತ್ತ ಎಕರೆ. ಮುಂದಿನ ತಿಂಗಳ ಜನಸುನಾವಣಿ ಐತಿ. ಪಂಚಾಯ್ತಿಗೆ ನೋಟೀಸ ಹಚ್ಚ್ಯಾರ."

"ಸುನಾವಣಿ ಅಂದ್ರ ಕೋರ್ಟೇನು?"

"ಕೋರ್ಟ ಅಲ್ರಿ. ಇಂಥಾ ಖಣಿಗೆ ರಾಜ್ಯದವರು ಪರಿಸರದ ಮಂಜೂರಿ ಕೊಡಬೇಕು. ಅದಕ್ಕ ಮೊದಲ ಕಂಪನಿಯವರು ನೀರು, ಗಾಳಿ, ಧೂಳು, ದನಾ ಕರಾ ಎಲ್ಲಾ ನೋಡಿ ರಿಪೋರ್ಟ ಮಾಡಸ್ತಾರ. ಆಮ್ಯಾಲ ಇಲ್ಲೇ ಸಭಾ ಕರದು ಜನಾ ಏನಂತಾರ ಕೇಳ್ತಾರ. ಅದನ್ನೆಲ್ಲಾ ಬರದು ಮುಂಬೈಗೆ ಕಳಸ್ತಾರ. ಅಲ್ಲಿ ತಿಳದವರು ಓದಿ, ಕೊಡೂದೋ ಬ್ಯಾಡೋ, ಕೊಟ್ರ ಯಾವ ಶರ್ತ ಹಾಕೂದೋ ನೋಡ್ತಾರ."

ಅಮಸಿದ್ದ ನಕ್ಕ. "ಎಲ್ಲಾ ಮೊದಲ ನಿರ್ಧಾರ ಆಗಿರತೈತಿ ತಂಗಿ. ನಮ್ಮನ್ನ ಕರದು ಒಂದ ಕಪ್ಪ ಚಾ ಕುಡಿಸಿ ಕಳಸ್ತಾರ."

"ಕೊಟ್ರ ಚಾ ಕುಡೀರಿ. ಅದರ ಜೋಡಿ ಮಾತೂ ಆಡ್ರಿ. ರಿಪೋರ್ಟ ಪಂಚಾಯ್ತ್ಯಾಗ ಇಟ್ಟಾರ, ಯಾರ ಬೇಕಾದ್ರೂ ನೋಡಬಹುದು. ನಾ ಮರಾಠಿ ಸಾರಾಂಶ ಓದೀನಿ. ಈ ಗುಡ್ಡ ಬಂಜರು, ಇಲ್ಲಿ ಕುರಿ ಮೇಯೂದಿಲ್ಲ, ನೀರಿನ ಠಾವಿಲ್ಲ, ಊರವರನ್ನ ಕೇಳಿ ತಿಳಕೊಂಡೀವಿ ಅಂತ ಬರದಾರ. ಅದ್ಯಾವ ಪುಣ್ಯಾತ್ಮರನ್ನ ಕೇಳಿದ್ರೋ!"

ಒಲೆಯ ಮುಂದೆ ಕೂತಿದ್ದ ಹಣಮವ್ವನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಿಯಾದದ್ದೂ ಆಕೆಗೆ ತಿಳಿಯಲಿಲ್ಲ.

ಎರಡು ದಿನ ಆಕೆಗೆ ಊಟ ಸೇರಲಿಲ್ಲ. ಗುಡ್ಡದ ಕೆಳಗೆ ಒಂದು ಮಡು ಇದೆ. ಬೇಸಿಗೆಯಲ್ಲಿ ಅದು ಬರೀ ತಗ್ಗು. ಮಳೆಗಾಲದಲ್ಲಿ ಗುಡ್ಡದ ನೀರು ಇಳಿದು ತುಂಬುತ್ತದೆ. ವಸ್ತಿಯ ಆರು ನೂರು ಕುರಿಗಳು ಕುಡಿಯುವುದು ಅಲ್ಲಿ, ಉಣ್ಣೆ ಕತ್ತರಿಸುವ ಮೊದಲು ಅವುಗಳನ್ನು ತೊಳೆಯುವುದೂ ಅಲ್ಲೇ. ಆ ನೀರಿರುವುದರಿಂದ ಗಂಡಸರು ವರ್ಷಕ್ಕೆ ನಾಲ್ಕು ತಿಂಗಳಾದರೂ ಮನೆ ಕಾಣುತ್ತಾರೆ. ಗುಡ್ಡ ಒಡೆದರೆ ಮಡುವಿಲ್ಲ. ಮಡುವಿಲ್ಲದಿದ್ದರೆ ಅಮಸಿದ್ದ ಹನ್ನೆರಡು ತಿಂಗಳೂ ಹೊರಗೇ. ಎಂಟು ತಿಂಗಳು ಅವನಿಲ್ಲದೆ ಹೇಗೋ ಕಳೆಯುತ್ತಿದ್ದವಳಿಗೆ ಅದನ್ನು ನೆನೆದೇ ಎದೆ ಒಡೆದಂತಾಯಿತು. ಅದೂ ತನ್ನ ಬಾಯಿಂದಲೇ!

ಮೂರನೆಯ ದಿನ ಅಮಸಿದ್ದ ಮಡುವಿನಲ್ಲಿ ಸೊಂಟದವರೆಗೆ ಇಳಿದು ಕುರಿ ತೊಳೆಯುತ್ತಿದ್ದ. ಹಣಮವ್ವ ದಂಡೆಯ ಕಲ್ಲಿನ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟಳು. ಜೀಪು, ಕಾಗದ, ಬಾಗಿಲು, ಕೆಮ್ಮು, ಒಂದನ್ನೂ ಬಿಡಲಿಲ್ಲ. ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಮಸಿದ್ದ ಕೈಯಲ್ಲಿದ್ದ ಕುರಿಯನ್ನು ಹಿಡಿದುಕೊಂಡೇ ಆಕೆಯ ಕಡೆ ತಿರುಗಿದ. "ಮರಿ ಖರೇನ ಒದರಿತೇನು?" ಎಂದ.

"ಹೂಂ."

"ನೀ ಕೆಮ್ಮಿದಿ?"

"ಹೂಂ ಅಂದ್ನೆಲ್ಲ!"

ಅವನು ನಕ್ಕ ರಭಸಕ್ಕೆ ಕೈಯಲ್ಲಿದ್ದ ಕುರಿ ಜಾರಿ ದಂಡೆ ಹತ್ತಿ ಓಡಿತು. ಆಮೇಲೆ ಒದ್ದೆ ಮೈಯಲ್ಲೇ ಬಂದು ಹೆಂಡತಿಯ ಪಕ್ಕ ಕೂತ.

"ಅಳಬ್ಯಾಡ. ನಾ ಇದ್ರೂ ಹಂಗ ಅಂತಿದ್ದೆ. ಹೆದರಿಕಿ ನಿಂದೊಬ್ಬಾಕಿದ ಅಲ್ಲ. ನಡಿ, ಬರದದ್ದು ತಿದ್ದಾಕ ಬರತೈತೇನು ಸಾಬೇರಾಗ ಕೇಳೂಣು."

ಚಾ ಕುಡಿಸಿ ಕಳಿಸುತ್ತಾರೆ ಎಂದು ಗೇಲಿ ಮಾಡಿದವನೇ ಈಗ ಮುಂದೆ ನಡೆದ.

ಸಾಬೇರಾ ಬೈಯಲಿಲ್ಲ. ಹಣಮವ್ವನ ಕೈ ಹಿಡಿದು ಹೇಳಿದಳು: "ಕಾಕಿ, ಸುನಾವಣಿ ಇರೂದ ಇದಕ್ಕ. ರಿಪೋರ್ಟ ಇನ್ನೂ ಕಚ್ಚಾ ಐತಿ. ಆದ್ರ ಬರೇ ಬ್ಯಾಡ ಬ್ಯಾಡ ಅಂತ ಒದರಿದ್ರ ಆಗೂದಿಲ್ಲ. ಎಷ್ಟ ಕುರಿ, ಯಾವ ತಿಂಗಳ, ಯಾವ ದಾರಿಲೆ ಬರ್ತಾವ, ನೀರ ಎಲ್ಲಿಂದ ಇಳಿತೈತಿ, ಎಲ್ಲಾ ಹೇಳ್ರಿ. ಬರದೂ ಕೊಡೂಣು." ಅಂದೇ ಕೂತು ಮರಾಠಿಯಲ್ಲಿ ಅರ್ಜಿ ಬರೆದಳು. ವಸ್ತಿಯವರೆಲ್ಲ ಸಹಿ ಹಾಕಿದರು, ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು.

ಶಾಲೆಯ ಬಯಲಿನಲ್ಲಿ ಪೆಂಡಾಲು ಹಾಕಿ ಸುನಾವಣಿ ನಡೆಯಿತು. ಕಲೆಕ್ಟರ್ ಕಚೇರಿಯ ದೊಡ್ಡ ಸಾಹೇಬರು ನಡುವೆ ಕೂತಿದ್ದರು. ಖಣಿಯಿಂದ ಕೆಲಸ ಸಿಗುತ್ತದೆ, ಆಗಲಿ ಎಂದು ಹುಡುಗರು ಕೆಲವರು ಹೇಳಿದರು. ಅದೂ ನ್ಯಾಯದ ಮಾತೇ. ಅದನ್ನೂ ಬರೆದುಕೊಂಡರು. ಹಣಮವ್ವನ ಸರದಿ ಬಂತು. ಎದುರಿಗೆ ನೀರು ಕುಡಿಸಿದ ಆ ಮನುಷ್ಯನೂ ಇದ್ದ. ಆಕೆಗೆ ಬರುತ್ತಿದ್ದ ಮರಾಠಿಯೆಲ್ಲ ಮರೆತೇಹೋಯಿತು. ಕನ್ನಡದಲ್ಲೇ ಶುರು ಮಾಡಿದಳು. ಸಾಬೇರಾ ಪಕ್ಕದಲ್ಲಿ ನಿಂತು ಮರಾಠಿಯಲ್ಲಿ ಹೇಳುತ್ತ ಹೋದಳು.

"ಸಾಹೇಬ್ರ, ನಾ ಸುಳ್ಳ ಹೇಳಿದ್ದೆ. ದಂಡಾ ಹಾಕ್ತೀರಂತ ಹೆದರಿ ಕುರಿ ಇಲ್ಲ ಅಂದೆ. ಗುಡ್ಡದಾಗ ಆರ ನೂರ ಕುರಿ ಮೇಯ್ತಾವ. ಕೆಳಗ ಮಡು ಐತಿ. ಬ್ಯಾಸಗ್ಯಾಗ ಬಂದ್ರ ಕಾಣೂದಿಲ್ಲ, ಮಳಿಗಾಲದಾಗ ಬಂದು ನೋಡ್ರಿ. ಆ ನೀರ ಐತಂತ ನನ್ನ ಗಂಡ ನಾಕ ತಿಂಗಳ ಮನ್ಯಾಗ ಇರ್ತಾನ. ನೀರ ಹೋದ್ರ ಅವನೂ ಬರೂದಿಲ್ರಿ. ಇದನ್ನ ಬರಕೋರಿ."

ಯಾರೂ ನಗಲಿಲ್ಲ. ಸಾಹೇಬರು ತಮ್ಮ ಮುಂದಿದ್ದ ಚೀಟಿಯಲ್ಲಿ ತಾವೇ ಬರೆದುಕೊಂಡರು. "ಇಲ್ಲಿ ಮಾತಾಡಿದವರಿಗೆ ದಂಡ ಹಾಕುವುದಿಲ್ಲ, ತಾಯಿ," ಎಂದರು.

ಕೊನೆಗೆ ಬರೆದುಕೊಂಡದ್ದನ್ನು ಎಲ್ಲರೆದುರು ಓದಿದರು. ಅವಸರದಲ್ಲಿ ಅರವತ್ತು ಕುರಿ ಎಂದು ಬಿದ್ದಿತ್ತು. ಅಮಸಿದ್ದ ಎದ್ದು ನಿಂತ. "ಅರವತ್ತಲ್ರಿ ಸಾಹೇಬ್ರ, ಆರ ನೂರ. ಬೇಕಾರ ಎಣಸಾಕ ಬರ್ರಿ!" ಅಲ್ಲೇ ತಿದ್ದಿದರು.

ಮುಂಬೈಯವರು ಮಳೆಗಾಲದಲ್ಲಿ ಮತ್ತೊಮ್ಮೆ ನೋಡಿಬರಲು ಹೇಳಿದರು. ಹೊಸ ವರದಿ ಆಯಿತು. ಒಂದೂವರೆ ವರ್ಷದ ಮೇಲೆ ಮಂಜೂರಿ ಬಂತು, ಗುಡ್ಡದ ಆಚೆ ಮಗ್ಗುಲಿಗೆ ಮಾತ್ರ. ಮಡುವಿಗೆ ನೀರು ಇಳಿಯುವ ಈಚೆ ಮಗ್ಗುಲನ್ನೂ ಕುರಿ ದಾರಿಯನ್ನೂ ಮುಟ್ಟುವಂತಿಲ್ಲ. ಧೂಳಿಗೆ ನೀರು ಹೊಡೆಯಬೇಕು. ಮದ್ದು ಇಟ್ಟು ಬಂಡೆ ಸಿಡಿಸುವುದು ಹೇಳಿದ ಹೊತ್ತಿಗೆ ಮಾತ್ರ. ಈ ಶರ್ತಗಳ ಪ್ರತಿಯೂ ಪಂಚಾಯ್ತಿಗೆ ಬಂತು. ಹಣಮವ್ವ ಸಾಬೇರಾಳಿಂದ ಅದನ್ನು ಎರಡು ಸಲ ಓದಿಸಿ ಕೇಳಿದಳು. ಖಣಿ ಶುರುವಾಯಿತು, ನಾಲ್ಕಾರು ಹುಡುಗರಿಗೆ ಕೆಲಸವೂ ಆಯಿತು. ಆ ವರ್ಷದ ಮಿರಗಕ್ಕೆ ಮಡು ತುಂಬಿತು. ಅಮಸಿದ್ದ ಮನೆಗೆ ಬಂದ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮೂರಿಗೂ ನಾಳೆ ಖಣಿಯೋ ಕಾರ್ಖಾನೆಯೋ ಬರಬಹುದು. ಬರಲಿ, ಆದರೆ ನಿಮ್ಮನ್ನು ಕೇಳಿ ಬರಲಿ. ಪಂಚಾಯ್ತಿಯ ನೋಟೀಸು ನೋಡಿ. ಓದಲು ಬಾರದಿದ್ದರೆ ಓದಿಸಿ ಕೇಳಿ. ಊರು ಬಿಟ್ಟು ದುಡಿಯಲು ಹೋದವರಿದ್ದರೆ ಅವರಿಗೂ ಸುದ್ದಿ ಮುಟ್ಟಿಸಿ; ಬರಲಾಗದವರು ಬರೆದು ಕಳಿಸಲಿ. ಸಭೆಗೆ ಹೋದರೆ ಮಾತಾಡಿ, ಕೊನೆಗೆ ಓದಿ ಹೇಳುವವರೆಗೂ ಎದ್ದು ಬರಬೇಡಿ. ನಿಮ್ಮ ಹಳ್ಳ ಎಲ್ಲಿ ಹರಿಯುತ್ತದೆ, ಯಾವಾಗ ಹರಿಯುತ್ತದೆ ಎಂಬುದು ಮುಂಬೈಯಲ್ಲಿ ಕೂತವರಿಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆ. ಹೋಗಿ ಹೇಳಿ.